ನಾನು ಬೀಗ ಹಾಕಿದ ಮೂರನೆಯ ಖೋಲಿ

ಹೋದ ವಾರ ಹುಮನಾಬಾದಿನ ಕಡೆಯಿಂದ ತಂಗಿಯ ಮಗಳ ಕಾರಿನಲ್ಲಿ ಬರುತ್ತಿದ್ದಾಗ ಕಮಲಾಪುರದಲ್ಲಿ ಚಹಾಕ್ಕೆಂದು ನಿಂತೆವು. ರಸ್ತೆ ಬದಿಯ ಸಣ್ಣ ಹೋಟೆಲು, ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಹಿಂದುಗಡೆ ಹೆಂಗಸರ ಶೌಚಾಲಯದ ಬಾಗಿಲು ತೆಗೆದೆ, ಹಸಿ ಲಾವಂಚದ ವಾಸನೆ ಬಂತು. ಕೂಲರಿಗೆ ಹಾಕುತ್ತಾರಲ್ಲ ಖಸ್ ಹುಲ್ಲು, ಅದರದೇ ಒಂದು ಹಳೆಯ ಪಟ್ಟಿಯನ್ನು ಯಾರೋ ಕಿಟಕಿಗೆ ಕಟ್ಟಿ ನೀರು ಚಿಮುಕಿಸಿದ್ದರು. ನೆಲ ಒಣಗಿ ಸ್ವಚ್ಛವಾಗಿತ್ತು. ಮೂಲೆಯ ತಟ್ಟೆಯಲ್ಲಿ ಹಿಂಡಿದ ಲಿಂಬೆಯ ಸಿಪ್ಪೆಗಳಿದ್ದವು. ನಾನು ಬಹಳ ಹೊತ್ತು ಅಲ್ಲೇ ನಿಂತಿದ್ದೆನೇನೋ, ತಂಗಿಯ ಮಗಳು ಬಂದು ಬಾಗಿಲು ಬಡಿದಳು.

"ಮಾವಶಿ, ಆರಾಮ ಇದ್ದೀರಿಲ್ಲೋ?"

ಆರಾಮ ಇದ್ದೆ. ಅಳುತ್ತಿದ್ದೆ, ಅಷ್ಟೆ. ಶೌಚಾಲಯದಲ್ಲಿ ನಿಂತು ಅಳುವ ಅರವತ್ತರ ಹೆಂಗಸಿನ ಬಗ್ಗೆ ಜನ ಏನೇನೋ ಊಹೆ ಮಾಡುತ್ತಾರೆ. ಕಣ್ಣಿಗೆ ಧೂಳು ಹೋಗಿದೆ ಎಂದು ಹೇಳಿ ಹೊರಗೆ ಬಂದು ಚಹಾ ಕುಡಿದೆ. ಆದರೆ ಮನಸ್ಸು ಆಗಲೇ ಏಳೆಂಟು ವರ್ಷ ಹಿಂದಿನ ಒಂದು ಬೇಸಿಗೆಗೆ ಹೋಗಿಬಿಟ್ಟಿತ್ತು.

ಆ ವರ್ಷ ನನ್ನ ಯಜಮಾನರು ಗುಮಾಸ್ತರಾಗಿದ್ದ ಕಪನೂರಿನ ದಾಲ್ ಮಿಲ್ಲು ಮುಚ್ಚಿತ್ತು. ಅವರು ಮನೆಯಲ್ಲಿ ಕುಳಿತು ಪೇಪರನ್ನು ಜಾಹೀರಾತು ಸಮೇತ ಓದತೊಡಗಿದಾಗ ನಾನೇ ಹೊರಬಿದ್ದೆ. ಕಲಬುರಗಿ ಪೇಟೆಯ ಒಂದು ದೊಡ್ಡ ಸೀರೆ ಅಂಗಡಿಯಲ್ಲಿ ಸುಪರ್‌ವೈಸರ್ ಕೆಲಸ ಸಿಕ್ಕಿತು. ಸುಪರ್‌ವೈಸರ್ ಅಂದರೆ ಏನೆಂದು ಸೇರಿದ ಮೇಲೆ ತಿಳಿಯಿತು. ಸೀರೆ ಬಿಚ್ಚಿ ತೋರಿಸುವ ಹನ್ನೆರಡು ಹುಡುಗಿಯರ ಹಾಜರಿ, ಕುಡಿಯುವ ನೀರಿನ ಕ್ಯಾನು, ಕಸಗುಡಿಸುವುದು, ಜೊತೆಗೆ ಎರಡನೆಯ ಮಹಡಿಯ ಹಿಂದಿದ್ದ ಹೆಂಗಸರ ಶೌಚಾಲಯ. ಗಾಜಿಪುರದ ನಮ್ಮ ಮನೆಯಲ್ಲಿ ಅತ್ತೆಯವರಿಗೆ ಹಾಜರಿಯ ವಿಷಯ ಮಾತ್ರ ಹೇಳಿದ್ದೆ. ಉಳಿದದ್ದು ತಿಳಿದಿದ್ದರೆ ಅವರು ನನ್ನನ್ನು ಹಿತ್ತಲ ಬಾಗಿಲಿನಿಂದಲೇ ಒಳಗೆ ಬಿಡುತ್ತಿದ್ದರು.

ನಮ್ಮದು ಮಡಿಯ ಮನೆ. ಹೊರಗೆ ಹೋದಾಗ ನೀರು ಮುಟ್ಟಬಾರದು, ಕಂಡವರ ಸಂಡಾಸಿಗೆ ಕಾಲಿಡಬಾರದು ಎಂದು ಚಿಕ್ಕಂದಿನಲ್ಲೇ ಕಲಿಸಿದ್ದರು. ಮುಂಜಾನೆ ಒಂಬತ್ತಕ್ಕೆ ಮನೆ ಬಿಟ್ಟರೆ ಸಂಜೆ ಏಳರ ತನಕ ಎರಡೂ ಇಲ್ಲದೆ ಇರಬಲ್ಲೆ ಎಂಬ ಜಂಬ ನನಗೆ. ಈಗ ನೆನೆದರೆ ನಗು ಬರುತ್ತದೆ, ಕಿಬ್ಬೊಟ್ಟೆಯ ನೋವನ್ನೇ ನಾನು ಶುದ್ಧಿ ಎಂದುಕೊಂಡಿದ್ದೆ.

ಆ ಶೌಚಾಲಯದಲ್ಲಿ ಮೂರು ಖೋಲಿಗಳಿದ್ದವು. ಯುಗಾದಿಯ ಹಿಂದಿನ ದಿನ ನಾನು ಮೂಲೆಯ ಮೂರನೆಯದನ್ನು ಆರಿಸಿ, ನನ್ನ ಕೈಯಾರೆ ಹತ್ತು ಬಕೀಟು ನೀರು ಸುರಿದು ತೊಳೆದು, ಮನೆಯಿಂದ ತಂದ ಬೀಗ ಹಾಕಿದೆ. ತೀರಾ ತುರ್ತಾದರೆ ನನಗೊಂದು ಇರಲಿ ಎಂದು. ತುರ್ತು ಬರಲೇ ಇಲ್ಲ, ಬರಲು ನಾನು ಬಿಡಲಿಲ್ಲ. ಒಂದು ದಿನವೂ ಆ ಬಾಗಿಲು ತೆಗೆಯಲಿಲ್ಲ. ದೊಡ್ಡ ಕೆಲಸದವರಿಗೆ ಬೇರೆ ಖೋಲಿ ಇರಬೇಕು ಎಂದು ಹುಡುಗಿಯರು ತಿಳಿದರು. ನಾನೂ ತಿಳಿಯಗೊಟ್ಟೆ.

ಶೌಚಾಲಯ ತೊಳೆಯುತ್ತಿದ್ದವಳು ಮೋಮಿನಪುರದ ರಜಿಯಾಬಿ. ನನಗಿಂತ ಏಳೆಂಟು ವರ್ಷ ದೊಡ್ಡವಳು, ಕಡ್ಡಿಯಂತೆ ಸಣ್ಣ ಮೈ, ಮಾತು ಕಡಿಮೆ. ಹುಡುಗಿಯರೆಲ್ಲ ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ನಾನು ಮಾತ್ರ ಹೆಸರು ಹಿಡಿದು ಕರೆಯುತ್ತಿದ್ದೆ. ಅವಳು ಹೊಸದಾಗಿ ಸೇರಿದವಳು, ಬಂದ ಮೊದಲ ವಾರವೇ ಅವಳಿಗೂ ನನಗೂ ತಿಕ್ಕಾಟ ಶುರುವಾಯಿತು. ನನ್ನ ಲೆಕ್ಕದಲ್ಲಿ ಎಷ್ಟು ನೀರೋ ಅಷ್ಟು ಶುದ್ಧ. ಅವಳದು ಬೇರೆಯೇ ವಿದ್ಯೆ.

"ಬಾಯಿ, ನೀರ್ ಸುರುವಿ ಹಂಗೇ ಬಿಟ್ರ ಬ್ಯಾಸಗ್ಯಾಗ ಇನ್ನಾ ನಾರ್ತದ್ರಿ" ಎಂದಳು. "ತೊಳೀಬೇಕು, ಆಮ್ಯಾಲ ಅರಿಬಿ ತಗೊಂಡು ಒರಸಿ ಒಣಗಸಬೇಕು. ಒಣಾ ನೆಲಕ್ಕ ವಾಸ್ನಿ ಹಿಡಿಯಂಗಿಲ್ಲ."

ಬಿಸಿಲೇರಿದ ಮೇಲೆ ಮಾಳಿಗೆಯ ಟಾಕಿಯ ನೀರು ಕೈ ಸುಡುತ್ತಿತ್ತು, ಅದಕ್ಕೆ ಅವಳು ಆರು ಗಂಟೆಗೇ ಬಂದು ತಂಪು ನೀರಿನಲ್ಲಿ ತೊಳೆದು ಮುಗಿಸುತ್ತಿದ್ದಳು. ಫಿನಾಯಿಲು ಒಂದು ಮುಚ್ಚಳ ಮಾತ್ರ, ನಾನು ಅರ್ಧ ಬಾಟಲಿ ಸುರಿದರೆ ಅವಳ ಮುಖ ಹುಳ್ಳಗಾಗುತ್ತಿತ್ತು. ಮೋಮಿನಪುರದಲ್ಲಿ ಕೂಲರ್ ರಿಪೇರಿ ಮಾಡುವವನ ಹತ್ತಿರ ಉಳಿದ ಖಸ್ ಹುಲ್ಲು ಇಸಿದುಕೊಂಡು ಬಂದು ಪಶ್ಚಿಮದ ಕಿಟಕಿಗೆ ಕಟ್ಟಿದಳು. ಶರಬತ್ತಿನ ಗಾಡಿಯಿಂದ ಲಿಂಬೆ ಸಿಪ್ಪೆ ತಂದಳು. ಒಂದು ತಗಡಿನ ಡಬ್ಬಿಯಲ್ಲಿ ಇದ್ದಿಲು ಇಟ್ಟಳು. ಮಧ್ಯಾಹ್ನ ಎರಡಕ್ಕೆ, ರಸ್ತೆಯ ಡಾಂಬರು ಮೆತ್ತಗಾಗುವ ಹೊತ್ತಿನಲ್ಲಿ, ಆ ಅಂಗಡಿಯಲ್ಲೇ ತಂಪಾದ ಜಾಗ ಅದೊಂದೇ ಆಗಿತ್ತು. ಹುಡುಗಿಯರು ಕೆಲಸವಿಲ್ಲದಿದ್ದರೂ ಹೋಗಿ ಕೈಕಾಲು ತೊಳೆದು ಬರುತ್ತಿದ್ದರು.

ಅದರಿಂದ ಏನಾಯಿತೆಂದರೆ, ಹುಡುಗಿಯರು ನೀರು ಕುಡಿಯತೊಡಗಿದರು. ಇದು ಸಣ್ಣ ಮಾತಲ್ಲ. ಅವರಲ್ಲಿ ಭಾಗ್ಯಶ್ರೀ ಎಂಬವಳು ಹಿಂದಿನ ಬೇಸಿಗೆಯಲ್ಲಿ ಉರಿ ಮೂತ್ರವಾಗಿ, ಜ್ವರ ಬಂದು, ಎಂಟು ದಿನ ಮಲಗಿದ್ದಳಂತೆ. ಡಾಕ್ಟರು ನೀರು ಕುಡಿ ಎಂದರಂತೆ. "ಕುಡಿದ್ರ ಹೋಗಬೇಕಲ್ರಿ ಮೇಡಂ. ಆಗ ಇಲ್ಲಿ ಕಾಲಿಡಂಗ ಇರಲಿಲ್ಲ" ಎಂದು ನನಗೆ ಹೇಳಿದ್ದಳು. ದಿನವೆಲ್ಲ ನಿಂತು ಸೀರೆ ಬಿಚ್ಚುವ, ಮಡಿಸುವ ಹುಡುಗಿಯರು ತಂದ ಬಾಟಲಿಯನ್ನು ತುಂಬಿದ ಹಾಗೆಯೇ ಮನೆಗೆ ಒಯ್ಯುತ್ತಿದ್ದರು. ರಜಿಯಾಬಿ ಬಂದ ಮೇಲೆ ಮಧ್ಯಾಹ್ನದೊಳಗೆ ಕ್ಯಾನು ಖಾಲಿ ಆಗತೊಡಗಿತು.

ಆಗಲೇ ಒಂದು ದಿನ ಅವಳು ಕೇಳಿದಳು. "ಬಾಯಿ, ಆ ಮೂರನೇ ಖೋಲಿ ಕೀಲಿ ಕೊಡ್ರಿ. ದಿನಾ ಎರಡು ತಂಬಿಗಿ ನೀರ್ ನೆಲದ ಜಾಳ್ಯಾಗ ಬಿಡ್ತೀನಿ."

"ಯಾಕ? ಅದನ್ನ ಯಾರೂ ವಾಪರ್ಸಂಗಿಲ್ಲ, ಒಳಗ ಕಾಲೇ ಇಡಂಗಿಲ್ಲ, ಸ್ವಚ್ಛ ಅದ" ಎಂದೆ.

"ವಾಪರ್ಸಂಗಿಲ್ಲ ಅಂತನೇ ಕೇಳ್ಳಾಕತ್ತೀನ್ರಿ. ಜಾಳಿ ತೆಳಗ ಪೈಪ್ ಬಾಗಿರ್ತದ. ಅದ್ರಾಗ ನೀರ್ ನಿಂತಿದ್ರ ಗಟಾರದ ಗ್ಯಾಸ್ ಮ್ಯಾಲ ಬರಂಗಿಲ್ಲ. ಈ ಬಿಸಿಲಿಗಿ ಆ ನೀರ್ ಆರಿ ಹೋತಂದ್ರ ಬಾಗಿಲಾ ತೆರದಂಗೇ."

ನಾನು ಏನೆಂದೆ ಗೊತ್ತೇ? "ನನ್ನ ಖೋಲಿ ನಾ ನೋಡ್ಕೋತೀನಿ, ನೀ ನಿನ್ನವು ನೋಡ್ಕೋ." ಅವಳ ಕೈ ಆ ಖೋಲಿಗೆ ತಾಗಬಾರದು ಎಂಬುದೇ ನನ್ನ ಮನಸ್ಸಿನಲ್ಲಿತ್ತು. ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯುತ್ತೇನೆ. ಹದಿನೈದು ದಿನ ಬಿಟ್ಟು ಅವಳು ಮತ್ತೊಮ್ಮೆ ಕೇಳಿದಳು. ಮತ್ತೆ ಅದನ್ನೇ ಹೇಳಿದೆ.

ವೈಶಾಖ ಬಂತು, ಲಗ್ನದ ಜವಳಿಗೆ ಹಳ್ಳಿಹಳ್ಳಿಯಿಂದ ಜನ ಬಂದರು. ಅದರ ಜೊತೆಗೆ ಆ ನಾತವೂ ಬಂತು. ಮೊದಲು ಮಧ್ಯಾಹ್ನಕ್ಕೆ ಮಾತ್ರ ಸಣ್ಣಗೆ, ಆಮೇಲೆ ದಿನವಿಡೀ. ರಜಿಯಾಬಿ ಎರಡು ಸಲ ತೊಳೆಯುತ್ತಿದ್ದವಳು ನಾಲ್ಕು ಸಲ ತೊಳೆದಳು. ಒಂದು ದಿನ ಇಳಕಲ್ ಸೀರೆ ನೋಡುತ್ತಿದ್ದ ಬೀಗರ ಕಡೆಯ ಹೆಂಗಸೊಬ್ಬರು ಮೂಗು ಮುಚ್ಚಿಕೊಂಡು ಎದ್ದರು, ಅವರ ಹಿಂದೆ ಇಡೀ ದಿಬ್ಬಣವೇ ಎದ್ದು ಹೋಯಿತು.

ಅಂಗಡಿಯ ಸಾವಕಾರರು ಮೇಲೆ ಬಂದರು. ಕೆಟ್ಟ ಮನುಷ್ಯರಲ್ಲ, ಆದರೆ ಲಗ್ನದ ಸೀಜನ್ನಿನಲ್ಲಿ ಯಾವ ವ್ಯಾಪಾರಿಯೂ ಒಳ್ಳೆಯವನಾಗಿರುವುದಿಲ್ಲ. ಕಿಟಕಿಯ ಪಕ್ಕ ಮೊದಲಿನದಕ್ಕಿಂತ ದೊಡ್ಡ ಫ್ಯಾನು ಹಾಕಿಸಿದರು, ನಾತವನ್ನು ಹೊರಗೆ ಎಳೆದುಹಾಕಲಿ ಎಂದು. ನಾತ ಇಮ್ಮಡಿಯಾಯಿತು.

"ಸುಧಾಬಾಯಿ, ಇನ್ನ ಎಂಟು ದಿನ ನೋಡ್ತೀನಿ" ಎಂದರು. "ಹೋಗಲಿಲ್ಲಂದ್ರ ಮಳಿ ಬೀಳೋ ತನಕ ಇದು ಬಂದ್. ಹುಡ್ಗೇರು ಬಸ್‌ಸ್ಟ್ಯಾಂಡಿಗಿ ಹೋಗ್ಲಿ. ಯಾರ ಕೆಲಸ ಇದು? ಯಾರು ತೊಳಿತಾರ?"

ಹನ್ನೆರಡು ಹುಡುಗಿಯರು ನಿಂತಿದ್ದರು. ರಜಿಯಾಬಿ ಒದ್ದೆ ಕೈಯಲ್ಲಿ ಬಾಗಿಲ ಬಳಿ ನಿಂತಿದ್ದಳು. ನನ್ನ ಕೆಲಸ ಹೋದರೆ ಮನೆಯ ಗತಿ ಏನು ಎಂದು ಹೆದರಿದೆ. ಸೆರಗು ಮೂಗಿಗೆ ಹಿಡಿದು ಹೇಳಿದೆ, "ಎಷ್ಟು ಸಲ ಹೇಳೀನ್ರಿ ಈಕಿಗಿ. ನೀರ್ ಹಾಕಂಗಿಲ್ಲ, ಫಿನಾಯಿಲ್ ಹಾಕಂಗಿಲ್ಲ. ಅರಿಬಿಲೆ ಒರಸಿದ್ರ ಸಂಡಾಸ ಸ್ವಚ್ಛ ಆಗ್ತದೇನ್ರಿ? ಈ ಮಂದಿಗಿ ಸ್ವಚ್ಛ ಅಂದ್ರೇನು ಅಂತನೇ ಗೊತ್ತಿಲ್ಲ."

ರಜಿಯಾಬಿ ನನ್ನನ್ನು ನೋಡಿದಳು. ಮೂರನೆಯ ಖೋಲಿಯ ಮಾತು ಅವಳ ಬಾಯಿಗೆ ಬಂದಿತ್ತು ಎಂದು ನನಗೆ ಈಗ ಗೊತ್ತು. ಅವಳು ಆಡಲಿಲ್ಲ. ಸಾವಕಾರರು ನಾಳೆಯಿಂದ ಬರಬೇಡ ಎಂದರು. ಅವಳು ತನ್ನ ಅರಿವೆಗಳನ್ನು ಹಿಂಡಿ ಒಣಹಾಕಿ, ಬಕೀಟು ಬೋರಲು ಇಟ್ಟು, ಚಪ್ಪಲಿ ಮೆಟ್ಟಿದಳು. ಭಾಗ್ಯಶ್ರೀ ಅಳುತ್ತಿದ್ದಳು. "ನೀರ್ ಕುಡಿಯೋದು ಬಿಡಬ್ಯಾಡ ಬೇಟಾ" ಎಂದಷ್ಟೇ ಹೇಳಿ ಇಳಿದು ಹೋದಳು.

ಸಾವಕಾರರು ಕ್ಲೀನಿಂಗ್ ಏಜೆನ್ಸಿಯ ಇಬ್ಬರು ಗಂಡಸರನ್ನು ಕರೆಸಿದರು. ಅವರು ಗುಲಾಬಿ ಪರಿಮಳದ ಏನನ್ನೋ ಸಿಂಪಡಿಸಿದರು. ಗುಲಾಬಿ ಮತ್ತು ಗಟಾರ ಸೇರಿದರೆ ಏನು ವಾಸನೆ ಬರುತ್ತದೆಂದು ತಿಳಿಯದವರೇ ಪುಣ್ಯವಂತರು. ಎರಡನೆಯ ದಿನಕ್ಕೇ ಹುಡುಗಿಯರ ಬಾಟಲಿಗಳು ಮತ್ತೆ ತುಂಬಿದ ಹಾಗೆಯೇ ಉಳಿದವು.

ಶುಕ್ರವಾರ ಮಧ್ಯಾಹ್ನ ಕರೆಂಟು ಹೋಯಿತು. ಫ್ಯಾನು ನಿಂತಿತು. ನಾನು ಮೇಲೆ ಹೋಗಿ ನೋಡಿದರೆ ನಾತ ಅರ್ಧಕ್ಕರ್ಧ ಇಳಿದಿದೆ. ಫ್ಯಾನು ನಿಂತರೆ ಹೆಚ್ಚಾಗಬೇಕಿತ್ತಲ್ಲ? ಮೊದಲ ಖೋಲಿಯಲ್ಲಿ ಮೂಗು ಇಟ್ಟೆ, ಏನಿಲ್ಲ. ಎರಡನೆಯದರಲ್ಲೂ ಏನಿಲ್ಲ. ಮೂರನೆಯದರ ಬಾಗಿಲಿನ ಸಂದಿಗೆ ಬಗ್ಗಿದೆ.

ಬೀಗ ತೆಗೆದೆ. ಒಳಗೆ ಒಲೆಯ ಬಾಯಿಯ ಹಾಗೆ ಕಾವು. ನಾನು ಯುಗಾದಿಗೆ ತೊಳೆದ ನೆಲ ಹಾಗೆಯೇ ಬೆಳ್ಳಗೆ, ಒಂದು ಕಲೆ ಇಲ್ಲದೆ ಇತ್ತು. ಜಾಳಿಯ ಕೆಳಗೆ ಒಂದು ಹನಿ ನೀರಿರಲಿಲ್ಲ. ಅಲ್ಲಿಂದ ನಾತ ಮುಖಕ್ಕೆ ಹೊಡೆಯಿತು. ಆ ಹಾಳು ಫ್ಯಾನು ಇಷ್ಟು ದಿನ ಒಳಗಿನ ಗಾಳಿಯನ್ನು ಹೊರಗೆ ತಳ್ಳಿದಷ್ಟೂ, ಅದರ ಜಾಗಕ್ಕೆ ಈ ಒಣ ಜಾಳಿಯಿಂದ ಗಟಾರದ ಗಾಳಿ ಎದ್ದು ಬರುತ್ತಿತ್ತು. ದಿನಕ್ಕೆ ಮೂವತ್ತು ನಲವತ್ತು ಹೆಂಗಸರು ಬಳಸುವ ಖೋಲಿಗಳಲ್ಲಿ ತಪ್ಪಿರಲಿಲ್ಲ. ಯಾರೂ ಮುಟ್ಟದ ನನ್ನ ಮಡಿಯ ಖೋಲಿಯೇ ನಾರುತ್ತಿತ್ತು.

ಎರಡು ಬಕೀಟು ನೀರು ಸುರಿದೆ. ಗುಳುಗುಳು ಅಂದಿತು. ಕರೆಂಟು ಬಂದು ಫ್ಯಾನು ಅರ್ಧ ಗಂಟೆ ತಿರುಗುವುದರೊಳಗೆ ನಾತ ಹೋಗಿಬಿಟ್ಟಿತು. ಇಷ್ಟೇ! ದಿನಕ್ಕೆ ಎರಡು ತಂಬಿಗೆ ನೀರು! ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ತಕ್ಷಣ ಓಡಿಹೋಗಿ ತಪ್ಪು ಒಪ್ಪಿಕೊಂಡೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಹಾಗೆ ಮಾಡಲಿಲ್ಲ. ಎರಡು ದಿನ ತುಟಿ ಬಿಚ್ಚಲಿಲ್ಲ. ಗುಲಾಬಿ ಔಷಧ ಕೆಲಸ ಮಾಡಿತು ಎಂದು ಎಲ್ಲರೂ ನಂಬಿದರು, ನಾನೂ ತಲೆಯಾಡಿಸಿದೆ. ರವಿವಾರ ಭಾಗ್ಯಶ್ರೀ ಸೀರೆ ಮಡಿಸುತ್ತ ತನ್ನಷ್ಟಕ್ಕೆ ಎಂಬಂತೆ ಅಂದಳು, "ಖಾಲಾಗ ವಯಸ್ಸಾಗಿತ್ತು ಕಾಣಸ್ತದ್ರಿ ಮೇಡಂ. ಆಕಿ ಕೈಲೆ ಆಗ್ಲಿಲ್ಲ." ಖಾಲಾಳನ್ನು ಅಷ್ಟು ಹಚ್ಚಿಕೊಂಡಿದ್ದ ಹುಡುಗಿಯೂ ಹೀಗೆ ನಂಬಿಬಿಟ್ಟಳಲ್ಲ! ಸಂಜೆ ಸಾವಕಾರರ ಎದುರು ನಿಂತು ಎಲ್ಲ ಹೇಳಿದೆ.

ಅವರು ನಕ್ಕರು. "ಹೋಗ್ಲಿ ಬಿಡ್ರಿ ಸುಧಾಬಾಯಿ. ಯಾರ್ದರೆ ತಪ್ಪಿರ್ಲಿ, ವಾಸ್ನಿ ಹೋತಲ್ಲ. ಆಕಿ ಬರೋದಾದ್ರ ಕರೀರಿ, ನಂದೇನೂ ಇಲ್ಲ." ನಾನು ಬೈಸಿಕೊಳ್ಳಲು ಸಿದ್ಧಳಾಗಿ ಹೋಗಿದ್ದೆ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಸೋಮವಾರ ಅಂಗಡಿಗೆ ರಜೆ. ಮೋಮಿನಪುರದ ಅವಳ ಮನೆಗೆ ಹೋದರೆ ಬೀಗ ಹಾಕಿತ್ತು. ಕಮಲಾಪುರದಲ್ಲಿರುವ ಮಗಳ ಮನೆಗೆ ಹೋಗಿದ್ದಾಳೆಂದು ಪಕ್ಕದವರು ಹೇಳಿದರು. ಬಸ್ಸು ಹತ್ತಿದೆ. ಕಿಟಕಿಯಿಂದ ಬರುತ್ತಿದ್ದುದು ಗಾಳಿಯಲ್ಲ, ಝಳ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಕಮಲಾಪುರದಲ್ಲಿ ಇಳಿಯುವ ಹೊತ್ತಿಗೆ ಜೋಡಿಸಿದ್ದೆಲ್ಲ ಮರೆತುಹೋಗಿತ್ತು. ಮುಂಜಾನೆಯಿಂದ ಬಿಗಿಹಿಡಿದದ್ದು ಬೇರೆ, ನಿಲ್ಲಲೂ ಆಗುತ್ತಿರಲಿಲ್ಲ.

ಅಳಿಯನದು ಬಾಳೆಹಣ್ಣಿನ ವ್ಯಾಪಾರ. ಮನೆಯ ಪಡಸಾಲೆಯ ತುಂಬ ಕೆಂಪು ಬಾಳೆಯ ಗೊನೆಗಳು. ನಡುವೆ ಕುಳಿತು ಹಣ್ಣು ಬೇರೆ ಮಾಡುತ್ತಿದ್ದ ರಜಿಯಾಬಿ ನನ್ನನ್ನು ನೋಡಿ ಎದ್ದು ನಿಂತಳು.

"ಖಾಲಾ" ಎಂದೆ. ಬಾಯಿಗೆ ಹಾಗೇ ಬಂತು.

ಅವಳು ನನ್ನ ಮುಖ ನೋಡಿದಳು, ನಿಂತ ರೀತಿ ನೋಡಿದಳು. ಏನೂ ಕೇಳದೆ ಹಿತ್ತಲಿಗೆ ಹೋದಳು. ಕಸಬರಿಗೆಯಿಂದ ತಿಕ್ಕಿ ತೊಳೆಯುವ ಸಪ್ಪಳ ಕೇಳಿತು. ಆಮೇಲೆ ಬಂದು, "ಬಕೀಟ್ ತುಂಬಿ ಇಟ್ಟೀನಿ, ಹೋಗಿ ಬರ್ರಿ ಬಾಯಿ. ಆಮ್ಯಾಲ ಮಾತಾಡೋಣಂತ" ಎಂದಳು.

ಐವತ್ತು ದಾಟಿದ ಮೇಲೆ ಮೊದಲ ಸಲ ನಾನು ಬೇರೆಯವರ ಮನೆಯ ಸಂಡಾಸಿಗೆ ಹೋದೆ. ತಗಡಿನ ಬಾಗಿಲ ಹಿಂದೆ ನೆಲ ಒರೆಸಿ ಒಣಗಿಸಿತ್ತು. ಹನ್ನೆರಡು ಜನರ ಮುಂದೆ ಸ್ವಚ್ಛ ಅಂದರೇನು ಗೊತ್ತಿಲ್ಲ ಎಂದು ನಾನು ಅಂದ ಹೆಂಗಸು, ನನಗೋಸ್ಕರ, ನಾನು ಕೇಳದೆಯೇ ತೊಳೆದು ಇಟ್ಟಿದ್ದಳು. ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ, ಅಷ್ಟು ಸಮಾಧಾನವೂ ಆಗಿರಲಿಲ್ಲ.

ಹೊರಗೆ ಬಂದು ಎಲ್ಲ ಹೇಳಿದೆ. ಬೀಗ ತೆಗೆದದ್ದು, ಒಣಗಿದ ಜಾಳಿ, ಎರಡು ದಿನ ಬಾಯಿ ಮುಚ್ಚಿಕೊಂಡಿದ್ದದ್ದು. ಕೈ ಮುಗಿದೆ. ಅವಳು ನನ್ನ ಕೈ ಹಿಡಿದು ಕೆಳಗಿಳಿಸಿದಳು. ಕುಡಿಯಲು ನೀರು ಕೊಟ್ಟಳು, ಕುಡಿದೆ.

"ಸಾವಕಾರ್ರಿಗಿ ಹೇಳೀನಿ ಖಾಲಾ. ನಾಳಿಗಿ ಬಾ."

ಅವಳು ಒಂದು ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿ ಬುಟ್ಟಿಗೆ ಇಟ್ಟಳು. "ಸಾವಕಾರ್ರ ಮಾತು ಬಿಡ್ರಿ ಬಾಯಿ, ಅವರಿಗಿ ಎಲ್ಲಾ ಒಂದೇ. ನನ್ನ ಮುಂದ ಮಾಫಿ ಕೇಳೀರಿ, ಅದೂ ಛೊಲೊ ಆತು. ಖರೇ ನೀವು ಅಂದಿದ್ದು ಹುಡ್ಗೇರ ಮುಂದ. ಇಪ್ಪತ್ತು ವರ್ಸ ಈ ಕೆಲಸ ಮಾಡೀನಿ. ಹಾತ್ ಮೈಲಾ, ಕೈ ಹೊಲಸು ಅಂತ ಒಬ್ಬರೂ ಅಂದಿಲ್ಲ. ಆ ಪೋರಿಗೋಳು ಏನ್ ತಿಳಕೊಂಡಾವ?"

ಭಾಗ್ಯಶ್ರೀ ಅಂದದ್ದನ್ನು ಅವಳಿಗೆ ಹೇಳುವ ಧೈರ್ಯ ನನಗಾಗಲಿಲ್ಲ. "ಅವ್ರ ಮುಂದೇ ಹೇಳ್ತೀನಿ" ಎಂದೆ.

ಮಂಗಳವಾರ ಶಟರ್ ಏರಿಸುವ ಮೊದಲು ಹುಡುಗಿಯರನ್ನೆಲ್ಲ ಎರಡನೆಯ ಮಹಡಿಗೆ ಕರೆದೆ. ಮೊದಲ ಬಸ್ಸಿಗೆ ಬಂದ ಖಾಲಾ ಮೆಟ್ಟಿಲ ಹತ್ತಿರ ಚೀಲ ಹಿಡಿದು ನಿಂತಿದ್ದಳು. ಸಾವಕಾರರ ಮುಂದೆ ಹೇಳುವುದು ಸುಲಭವಿತ್ತು. ಇವರು ನನ್ನ ಕೈಕೆಳಗಿನ ಹುಡುಗಿಯರು. ಇವತ್ತು ಕೇಳಿದ್ದನ್ನು ಇವರು ಲಗ್ನವಾಗಿ ಹೋದ ಮನೆಯಲ್ಲೂ ಹೇಳುತ್ತಾರೆ.

"ನಾರ್ತಿದ್ದದ್ದು ನನ್ನ ಖೋಲಿ" ಎಂದೆ. "ಖಾಲಾ ಎರಡು ಸಲ ಕೀಲಿ ಕೇಳಿದ್ಳು. ಆಕಿ ಮುಟ್ಟಬಾರ್ದು ಅಂತ ನಾ ಕೊಡಲಿಲ್ಲ. ಆಕಿ ಕೆಲಸದಾಗ ಎಳ್ಳಷ್ಟೂ ತಪ್ಪಿದ್ದಿಲ್ಲ. ನಾ ಆಕಿ ಮ್ಯಾಲ ಹಾಕ್ದೆ. ನನ್ನ ತಪ್ಪದು."

ಬೈಯುತ್ತಾರೋ, ಕಿಸಕ್ಕನೆ ನಗುತ್ತಾರೋ ಎಂದು ಕಾದೆ. ಭಾಗ್ಯಶ್ರೀ ನನ್ನ ಕಡೆ ನೋಡಲೇ ಇಲ್ಲ. ಮೆಟ್ಟಿಲ ಕಡೆ ಓಡಿ, ಖಾಲಾಳ ಚೀಲ ಕಸಿದುಕೊಂಡು, "ನಾ ಏನೇನೋ ಅಂದ್ಬಿಟ್ಟೆ ಖಾಲಾ" ಎಂದು ಅಳತೊಡಗಿದಳು. ಉಳಿದವರೂ ಅವಳ ಹಿಂದೆ ಹೋದರು. ನನ್ನ ದೊಡ್ಡ ತಪ್ಪೊಪ್ಪಿಗೆಯನ್ನು ಕೇಳಲು ಅಲ್ಲಿ ನಾನೊಬ್ಬಳೇ ಉಳಿದೆ. ಹಾಗಾದದ್ದೇ ಒಳ್ಳೆಯದಾಯಿತು. ಖಾಲಾ ಮಾತ್ರ ಅವರ ತಲೆಗಳ ಮೇಲಿನಿಂದ ನನ್ನನ್ನು ನೋಡಿ ಕತ್ತು ಆಡಿಸಿದಳು.

ಹತ್ತು ಗಂಟೆಗೆ ಅವಳು ಮೂರೂ ಖೋಲಿ ತೊಳೆದು, ಒರೆಸಿ, ಬಾಗಿಲುಗಳನ್ನು ಹಾರು ಹೊಡೆದು ಇಟ್ಟಿದ್ದಳು. ಮಧ್ಯಾಹ್ನ ಊಟದ ಬಿಡುವಿನಲ್ಲಿ, ಎಂದಿನಂತೆ ಹುಡುಗಿಯರು ಸಾಲುಗಟ್ಟಿದಾಗ, ನಾನೂ ಹೋಗಿ ಹಿಂದೆ ನಿಂತೆ. ಎಲ್ಲರೂ ತಿರುಗಿ ನೋಡಿದರು. ಮೇಡಂ ಸಾಲಿನಲ್ಲಿ ನಿಂತದ್ದನ್ನು ಅವರು ಕಂಡಿರಲಿಲ್ಲ. ಒಬ್ಬಳು ಗಡಬಡಿಸಿ ಪಕ್ಕಕ್ಕೆ ಸರಿದು, "ನೀವ್ ಮೊದ್ಲ ಹೋಗ್ರಿ ಮೇಡಂ" ಎಂದಳು.

ಬಾಗಿಲ ಹತ್ತಿರ ಅರಿವೆ ಹಿಂಡುತ್ತಿದ್ದ ಖಾಲಾ ತಲೆ ಎತ್ತದೆಯೇ ಅಂದಳು, "ಯಾಕ? ಪಾಳಿ ಪ್ರಕಾರ ಬರ್ತಾರ ಬಾಯಿ. ಅವರ್ದೇನೂ ಗಡಬಿಡಿ ಇಲ್ಲ, ಭಾಳ ವರ್ಸ ತಡಕೊಂಡಾರ."

ಹುಡುಗಿಯರೆಲ್ಲ ಗೊಳ್ಳೆಂದು ನಕ್ಕರು. ನನಗೂ ತಡೆಯಲಾಗದೆ ನಗು ಬಂತು, ಖಾಲಾನೂ ನಕ್ಕಳು. ಸರಿದ ಹುಡುಗಿಯನ್ನು ಅವಳ ಜಾಗಕ್ಕೆ ವಾಪಸು ನಿಲ್ಲಿಸಿ, ನಾನು ಅವಳ ಹಿಂದೆ ನಿಂತೆ. ನನ್ನ ಮುಂದೆ ಇನ್ನೂ ನಾಲ್ಕು ಮಂದಿ ಇದ್ದರು.